ಬಾಂದಗಲ್ಲಿನ ಗೊಡವೆ

ಉಪಗ್ರಹವೇ ಹೊಲದ ಹದ್ದನ್ನು ತೋರಿಸುತ್ತಿರಲು ಬಾಂದಗಲ್ಲಿನ ಗೊಡವೆಯೇತಕ್ಕೆ ಎಂದು ಕೇಳುವ ಸುಶಿಕ್ಷಿತರು, ಇಂಡಿ ತಾಲೂಕಿನ ಹೊರ್ತಿಯ ಒಂದು ಹೊಲದ ಲೆಕ್ಕವನ್ನಾದರೂ ಮಾಡಿ ನೋಡಬೇಕು. ಮುಂಬಯಿ ಸರಕಾರದ ಕಾಲದ ಮೋಜಣಿಯಲ್ಲಿ 33 ಅಡಿಯ ಸರಪಳಿಯ ಚೌಕವೇ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಬಟ್ಟಬಯಲಿನಲ್ಲಿಯೂ ಮೊಬೈಲಿನ ಗುರುತು ಸುಮಾರು 5 ಮೀಟರು ತಪ್ಪುವುದುಂಟು. 200 ಮೀಟರು ಉದ್ದದ ಬದುವು ಅಷ್ಟು ಸರಿಯಿತೆಂದರೆ ಹತ್ತು ಗುಂಟೆಯಷ್ಟು ನೆಲ ನೆರೆಯವನ ಪಾಲು! ಕಾಲೆಕರೆಗಾಗಿ ಅಣ್ಣತಮ್ಮಂದಿರು ನ್ಯಾಯಸ್ಥಾನದ ಮೆಟ್ಟಲು ಸವೆಸುವುದು ಯಾರಿಗೆ ತಿಳಿಯದು?

ಮೋಜಣಿದಾರರ ರೋವರ್ ಯಂತ್ರದ ಮಾತು ಬೇರೆ; ಅದರ ತಪ್ಪು ಕೆಲವೇ ಸೆಂಟಿಮೀಟರು. ಆದರೆ ಅದಾದರೂ ಹಳೆಯ ನಕಾಶೆಯ ಕಲ್ಲು ಸ್ಥಳದಲ್ಲಿದ್ದರೆ ತಾನೆ ಆ ನಕಾಶೆಯನ್ನು ನೆಲಕ್ಕೆ ಸರಿಯಾಗಿ ಹೊಂದಿಸೀತು? ಟ್ರ್ಯಾಕ್ಟರಿಗೆ ಅಡ್ಡಬಂದಿತೆಂದು ಆ ಕಲ್ಲನ್ನು ಕಿತ್ತು ಹಳ್ಳಕ್ಕೆಸೆದವರೇ ಆಮೇಲೆ ಮೋಜಣಿದಾರನನ್ನು ದೂರುತ್ತಾರೆ.