ಎಕ್ಸ್‌ರೇ ಸರಿ, ಮಂಡಿ ಸರಿಯಿಲ್ಲ

"ಮೂಳೆಗೇನೂ ಆಗಿಲ್ಲ ಡಾಕ್ಟ್ರೇ, ಬರೀ ಉಳುಕು." ಕಬಡ್ಡಿಯಲ್ಲೋ ಖೋಖೋದಲ್ಲೋ ಮಂಡಿಗೆ ಪೆಟ್ಟು ಮಾಡಿಕೊಂಡ ಮಕ್ಕಳನ್ನು ಕರೆತರುವ ತಂದೆತಾಯಿಗಳು ಎಕ್ಸ್‌ರೇ ಫಿಲಂ ಮೇಜಿನ ಮೇಲಿಟ್ಟು ಹೇಳುವ ಮೊದಲ ಮಾತಿದು. ಎಷ್ಟೋ ಸಲ ಪೆಟ್ಟಾಗಿ ಆರು ತಿಂಗಳು ಕಳೆದಿರುತ್ತದೆ. ಎಣ್ಣೆ ಹಾಕಿ ನೀವಿಸಿ, ಪಟ್ಟು ಕಟ್ಟಿಸಿ, ಊತ ಇಳಿದ ಮೇಲೆ ಮತ್ತೆ ಆಟಕ್ಕಿಳಿದು, ಮತ್ತೆ ಮಂಡಿ ಜಾರಿದಾಗಲೇ ನಮ್ಮ ನೆನಪಾಗುವುದು. ಮೂಳೆ ಮುರಿಯದಿದ್ದರೆ ಚಿಂತೆಯಿಲ್ಲ ಎಂಬ ನಂಬಿಕೆ ಮಂಡಿಯ ಮಟ್ಟಿಗೆ ಅಪಾಯಕಾರಿ. ಏಕೆಂದರೆ ಮಂಡಿಯನ್ನು ಮುಖ್ಯವಾಗಿ ಹಿಡಿದು ನಿಲ್ಲಿಸಿರುವುದು ಮೂಳೆಯಲ್ಲ.

ಸೊಂಟದ ಕೀಲಿನಲ್ಲಿ ತೊಡೆಮೂಳೆಯ ಚೆಂಡಿನಂಥ ತಲೆ ಆಳವಾದ ಬಟ್ಟಲಿನೊಳಗೆ ಕುಳಿತಿರುತ್ತದೆ. ಮಂಡಿಗೆ ಆ ಭಾಗ್ಯವಿಲ್ಲ. ಅಲ್ಲಿ ತೊಡೆಮೂಳೆಯ ಎರಡು ದುಂಡು ತುದಿಗಳು ಕಣಕಾಲಿನ ಮೂಳೆಯ ಹೆಚ್ಚುಕಡಿಮೆ ಚಪ್ಪಟೆಯಾದ ತಲೆಯ ಮೇಲೆ, ಮಣೆಯ ಮೇಲೆ ಗುಂಡುಕಲ್ಲು ಇಟ್ಟ ಹಾಗೆ ನಿಂತಿವೆ. ಉರುಳದಂತೆ ತಡೆಯುವುದು ಲಿಗಮೆಂಟ್ ಎಂದು ಕರೆಯುವ ಅಸ್ಥಿರಜ್ಜುಗಳು. ಒಳಪಕ್ಕ ಮತ್ತು ಹೊರಪಕ್ಕದಲ್ಲಿ ಒಂದೊಂದು. ಕೀಲಿನ ನಟ್ಟನಡುವೆ ಕತ್ತರಿಯಂತೆ ಒಂದನ್ನೊಂದು ದಾಟಿಹೋಗುವ ಇನ್ನೆರಡು. ಇವುಗಳಲ್ಲಿ ಮುಂದಿನದು ಕಣಕಾಲು ಮುಂದಕ್ಕೆ ಜಾರದಂತೆ, ತಿರುಚಿಕೊಳ್ಳದಂತೆ ಕಾಯುತ್ತದೆ. ಉದ್ದ ಮೂರು ಸೆಂಟಿಮೀಟರ್ ಚಿಲ್ಲರೆ, ದಪ್ಪ ಕಿರುಬೆರಳಿನಷ್ಟು. ಆದರೂ ಪ್ರಾಯದಲ್ಲಿ 200 ಕಿಲೋ ಭಾರದ ಎಳೆತವನ್ನು ತಾಳಬಲ್ಲದು. ಮೂಳೆಗಳ ನಡುವೆ ವಾಷರಿನಂತೆ ಕೂತಿರುವ ಅರ್ಧಚಂದ್ರಾಕಾರದ ಎರಡು ಮೆತ್ತೆಗಳಿಗೆ ಮೆನಿಸ್ಕಸ್ ಎಂದು ಹೆಸರು. ಇವಾವುವೂ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ.

ಇನ್ನು ತೊಡೆಯ ಸ್ನಾಯುಗಳು. ಅಸ್ಥಿರಜ್ಜು ಹಗ್ಗವಾದರೆ ಸ್ನಾಯು ಹಗ್ಗ ಹಿಡಿದ ಆಳು. ತೊಡೆಯ ಹಿಂಭಾಗದ ಸ್ನಾಯುಗಳು ಕಣಕಾಲನ್ನು ಹಿಂದಕ್ಕೆ ಎಳೆದು ಮುಂದಿನ ರಜ್ಜುವಿನ ಹೊರೆ ಇಳಿಸುತ್ತವೆ. ಆದರೆ ಆಳು ಮೊದಲೇ ಎಚ್ಚರವಾಗಿರಬೇಕು. ಜಿಗಿದು ಪಾದ ಊರಿದಾಗ ರಜ್ಜು ಹರಿಯುವುದಾದರೆ ಅದು ಸೆಕೆಂಡಿನ ಹತ್ತನೇ ಒಂದು ಭಾಗದೊಳಗೇ ಹರಿಯುತ್ತದೆ; ಆಮೇಲೆ ಬಿಗಿಹಿಡಿಯಲು ಸಮಯವೆಲ್ಲಿ?

ಇದಕ್ಕೆ ಎದುರಾಳಿ ಬಂದು ಗುದ್ದಬೇಕೆಂದಿಲ್ಲ. ಪಾದ ನೆಲಕ್ಕೆ ಕಚ್ಚಿಕೊಂಡಿರುವಾಗ ಮೈ ತಿರುಗಿದರೆ, ಮಂಡಿ ಒಳಕ್ಕೆ ವಾಲಿದರೆ ಸಾಕು. ಓಡುತ್ತಾ ಥಟ್ಟನೆ ದಿಕ್ಕು ಬದಲಿಸುವ ಖೋಖೋ ಆಟಗಾರ, ಕಾಲು ಹಿಡಿಸಿಕೊಂಡೂ ಗೆರೆಯತ್ತ ತಿರುಗುವ ಕಬಡ್ಡಿ ರೈಡರ್, ಇಬ್ಬರಿಗೂ ಈ ಅಪಾಯವಿದೆ. 'ಟಪ್' ಎಂಬ ಸದ್ದು, ಕೆಲವೇ ಗಂಟೆಗಳಲ್ಲಿ ಏರುವ ಊತ, ಆಮೇಲೆ ಮೆಟ್ಟಿಲಿಳಿಯುವಾಗ ಮಂಡಿ ಕೈಕೊಟ್ಟಂತಾಗುವುದು: ಇಷ್ಟಿದ್ದರೆ ರಜ್ಜು ಹರಿದಿರುವ ಸಂಭವ ಹೆಚ್ಚು. ಬೇಗ ಏರುವ ಊತವೆಂದರೆ ಸಾಮಾನ್ಯವಾಗಿ ಕೀಲಿನೊಳಗೆ ರಕ್ತ ತುಂಬಿದೆ ಎಂದರ್ಥ. ಅಂಥ ಮಂಡಿಯನ್ನು ನೀವಿಸುವುದು, ಎಳೆಸುವುದು ಬೇಡವೇ ಬೇಡ. ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ, ಕಾಲು ಎತ್ತರಿಸಿ ಮಲಗಿಸಿ, ಮೂಳೆ ತಜ್ಞರಿಗೆ ತೋರಿಸಿ. ಪಾದ ತಣ್ಣಗಾದರೆ, ಮರಗಟ್ಟಿದರೆ ಒಂದು ಗಂಟೆಯೂ ಕಾಯಬೇಡಿ. ಎಲ್ಲರಿಗೂ ಮೊದಲ ದಿನವೇ ಎಂ.ಆರ್.ಐ. ಬೇಕಿಲ್ಲ. ನುರಿತ ವೈದ್ಯರು ಕಣಕಾಲನ್ನು ಮುಂದಕ್ಕೆಳೆದು ನೋಡಿಯೇ ಬಹುಮಟ್ಟಿಗೆ ಹೇಳಬಲ್ಲರು.

ಇಲ್ಲಿ ಹೆಣ್ಣುಮಕ್ಕಳ ಮಾತನ್ನು ಪ್ರತ್ಯೇಕವಾಗಿ ಹೇಳಬೇಕು. ಜಿಗಿದು ತಿರುಗುವ ಆಟಗಳಲ್ಲಿ ಮುಂದಿನ ರಜ್ಜು ಹರಿಯುವ ಸಂಭವ ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು. ಹಾಗೆಂದು ಮಗಳ ಆಟ ಬಿಡಿಸುವುದು ಪರಿಹಾರವಲ್ಲ, ಅನ್ಯಾಯ. ನಾರ್ವೆಯಲ್ಲಿ 13ರಿಂದ 17 ವರ್ಷದ ಫುಟ್‌ಬಾಲ್ ಹುಡುಗಿಯರಿಗೆ ಆಟಕ್ಕೆ ಮುಂಚೆ ಸುಮಾರು 20 ನಿಮಿಷ ಓಟ, ಬಸ್ಕಿ, ಒಂಟಿಕಾಲಿನ ಸಮತೋಲನ, ಮಂಡಿ ಬಾಗಿಸಿ ಮೆತ್ತಗೆ ನೆಲಕ್ಕಿಳಿಯುವ ಅಭ್ಯಾಸ ಮಾಡಿಸಿದರು. ಗಾಯಗಳು ಸುಮಾರು ಮೂರನೇ ಒಂದರಷ್ಟು ಇಳಿದವೆಂದು 2008ರಲ್ಲಿ ವರದಿಯಾಯಿತು. ಇದಕ್ಕೆ ಯಂತ್ರ ಬೇಡ, ಹಣ ಬೇಡ. ಮಕ್ಕಳನ್ನು ನೇರ ಅಂಕಣಕ್ಕಿಳಿಸುವ ಶಾಲೆಯನ್ನು ಪೋಷಕರು ಈ ಬಗ್ಗೆ ಕೇಳಲೇಬೇಕು.

ರಜ್ಜು ಹರಿದವರಿಗೆಲ್ಲ ಆಪರೇಷನ್ ಅನಿವಾರ್ಯವಲ್ಲ. ಸ್ವೀಡನ್ನಿನಲ್ಲಿ ಮೊದಲು ವ್ಯಾಯಾಮ ಚಿಕಿತ್ಸೆ ಪಡೆದ ತರುಣರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಐದು ವರ್ಷವಾದರೂ ಅದು ಬೇಕಾಗಲಿಲ್ಲ. ಆದರೆ ಮಂಡಿ ಪದೇ ಪದೇ ಜಾರುತ್ತಿದ್ದರೆ ಮೆನಿಸ್ಕಸ್ ಸೀಳುತ್ತದೆ, ಅದರ ಒಳಅಂಚಿಗೆ ರಕ್ತಪೂರೈಕೆ ಇಲ್ಲದ್ದರಿಂದ ಕೂಡಿಕೊಳ್ಳುವುದೂ ಇಲ್ಲ; ಸವೆತ ಬೇಗ ಶುರುವಾಗುತ್ತದೆ. ಅಂಥವರಿಗೆ, ತಿರುಗಿ ಜಿಗಿಯುವ ಆಟಕ್ಕೆ ಮರಳಲೇಬೇಕೆನ್ನುವವರಿಗೆ ಹೊಸ ರಜ್ಜು ಹಾಕಿಸುವುದು ಒಳ್ಳೆಯದು. ಆಮೇಲೂ ಸುಮಾರು ಒಂಬತ್ತು ತಿಂಗಳು ಅಂಕಣದಿಂದ ದೂರವಿರಬೇಕು, ಜಿಲ್ಲಾಮಟ್ಟದ ಪಂದ್ಯ ಮುಂದಿನ ವಾರವೇ ಇದೆಯೆಂದು ಕೋಚ್ ಮನೆ ಬಾಗಿಲಿಗೆ ಬಂದು ನಿಂತರೂ.