ಹಾದಿ ತಪ್ಪಿದ ಕಥೆಯು ಮರಳಿ ಹಾದಿಗೆ ಬರುವುದೆ?

ಕಥೆ ಹೇಳುವವನಿಗೂ ಕಥೆ ಕೇಳುವವನಿಗೂ ನಡುವೆ ಬರೆಹದಲ್ಲಿಲ್ಲದ ಕರಾರೊಂದು ಇರುತ್ತದೆ. ಕೇಳುವವನು ತನ್ನ ಹೊತ್ತನ್ನೂ ನಂಬಿಕೆಯನ್ನೂ ಮುಂಗಡವಾಗಿ ಕೊಡುತ್ತಾನೆ. ಹೇಳುವವನು ಅದನ್ನು ರಸರೂಪದಲ್ಲಿ ಹಿಂದಿರುಗಿಸಲು ಬದ್ಧನಾಗುತ್ತಾನೆ. ಹರಿಕಥೆಯ ದಾಸರು ಉಪಕಥೆಯ ಹಿಂದೆ ಎಷ್ಟು ದೂರ ಹೋದರೂ ಮಂಗಳಾರತಿಗೆ ಮುನ್ನ ಮೂಲಕಥೆಗೆ ಮರಳುತ್ತಾರೆ. ಅಂದಿನ ಲೆಕ್ಕ ಅಂದೇ ಚುಕ್ತವಾಗುತ್ತದೆ. ಆದರೆ ವರ್ಷಗಟ್ಟಲೆ ನಡೆಯುವ ದೂರದರ್ಶನದ ಧಾರಾವಾಹಿಯಲ್ಲಿ ಈ ಲೆಕ್ಕವು ಬೇಗನೆ ಮುಗಿಯುವುದಿಲ್ಲ. ಮನೆಮಂದಿಯೆಲ್ಲರೂ ಊಟವಾದ ಮೇಲೆ ಒಟ್ಟಿಗೆ ಕುಳಿತು ನೋಡುತ್ತ ಬಂದ ಕಥೆಯು ಒಂದು ವರ್ಷ ಸಪ್ಪೆಯಾಯಿತೆನ್ನಿ. ಮುಂದಿನ ವರ್ಷವೂ ಅದಕ್ಕೆ ನಮ್ಮ ಸಂಜೆಗಳನ್ನು ಕೊಡಬೇಕೆ, ಬೇಡವೆ? ಒಮ್ಮೆ ಕೆಟ್ಟ ಕಥೆಯು ಮತ್ತೆ ಸುಧಾರಿಸುವುದುಂಟೆ? ಈ ತಿಂಗಳು ಈ ಪ್ರಶ್ನೆಯನ್ನೇ ವಿಚಾರಿಸೋಣ.

ಈ ಪ್ರಶ್ನೆಯು ಅಮೆರಿಕ ದೇಶದ ಸೂಪರ್ ಹೀರೋ ಧಾರಾವಾಹಿಗಳ ವಿಷಯದಲ್ಲಿ ಮೇಲಿಂದ ಮೇಲೆ ಏಳುತ್ತದೆ. ಅಲ್ಲಿ ಇಂತಹ ಕಥೆಗಳನ್ನು ಸೀಸನ್ ಎಂಬ ವಾರ್ಷಿಕ ಭಾಗಗಳಾಗಿ ತೋರಿಸುವರು. ಬಹುಕಾಲದ ವಾಡಿಕೆಯಂತೆ ಶರತ್ಕಾಲದಲ್ಲಿ ಆರಂಭವಾಗಿ ಮೇ ತಿಂಗಳಿನಲ್ಲಿ ಮುಗಿಯುವ ಇಪ್ಪತ್ತಕ್ಕೂ ಮಿಕ್ಕ ಕಂತುಗಳು ಒಂದು ಸೀಸನ್ನಿಗೆ. ಮೊದಲನೆಯ ವರ್ಷದ ಕಥೆಯನ್ನು ಕರ್ತೃಗಳು ಸಾವಕಾಶವಾಗಿ ಯೋಚಿಸಿ ಹೆಣೆದಿರುತ್ತಾರೆ. ಎರಡನೆಯ ವರ್ಷದಿಂದ ಆ ವಿರಾಮವು ದೊರೆಯುವುದಿಲ್ಲ. ಬರಹಗಾರರ ಗುಂಪೊಂದು ಒಂದು ಕೊಠಡಿಯಲ್ಲಿ ಕುಳಿತು ಮುಂದಿನ ಕಂತುಗಳನ್ನು ಬರೆಯುತ್ತಿರುವಾಗಲೇ ಹಿಂದಿನವು ಚಿತ್ರೀಕರಣಗೊಳ್ಳುತ್ತಿರುತ್ತವೆ. ಅವಕ್ಕೂ ಹಿಂದಿನವು ಮನೆಮನೆಗಳಲ್ಲಿ ಪ್ರಸಾರವಾಗುತ್ತಿರುತ್ತವೆ. ಹತ್ತನೆಯ ಕಂತಿನಲ್ಲಿ ತಪ್ಪು ತೋರಿತೆಂದು ಮೂರನೆಯ ಕಂತನ್ನು ತಿದ್ದುವಂತಿಲ್ಲ. ಆದಕಾರಣ ಒಂದು ಕೆಟ್ಟ ವರ್ಷವು ಬರುವುದು ಆಶ್ಚರ್ಯವಲ್ಲ. ಬಂದ ಮೇಲೆ ಏನು ಮಾಡಿದರೆಂಬುದೇ ನೋಡತಕ್ಕ ವಿಷಯ. ಇದಕ್ಕೆ ಎರಡು ನಿದರ್ಶನಗಳನ್ನು ತೆಗೆದುಕೊಳ್ಳುವೆನು; ಒಂದು ಬಿದ್ದು ಏಳದೆ ಹೋದದ್ದು, ಇನ್ನೊಂದು ಬಿದ್ದು ಎದ್ದದ್ದು.

ಮೊದಲನೆಯದು ‘ಹೀರೋಸ್’. ಎನ್.ಬಿ.ಸಿ. ಸಂಸ್ಥೆಯು ಇದನ್ನು ೨೦೦೬ನೆಯ ಇಸವಿ ಸೆಪ್ಟೆಂಬರ್ ೨೫ರಂದು ಆರಂಭಿಸಿತು. ಇದರ ಕರ್ತೃ ಟಿಮ್ ಕ್ರಿಂಗ್. ಸಾಮಾನ್ಯರಾದ ಜನರಿಗೆ ಅಕಸ್ಮಾತ್ತಾಗಿ ಅತಿಮಾನುಷ ಶಕ್ತಿಗಳು ಲಭಿಸುವುದು ಇದರ ವಸ್ತು. ಟೋಕಿಯೋ ನಗರದ ಗುಮಾಸ್ತನೊಬ್ಬನು ಕಾಲವನ್ನೇ ನಿಲ್ಲಿಸಬಲ್ಲನು. ಟೆಕ್ಸಾಸಿನ ಶಾಲಾಬಾಲಿಕೆಯೊಬ್ಬಳಿಗೆ ಎಂತಹ ಗಾಯವಾದರೂ ಕ್ಷಣದಲ್ಲಿ ಮಾಯುವುದು. ಮದರಾಸಿನ ವಿದ್ವಾಂಸನಾದ ಮೋಹಿಂದರ್ ಸುರೇಶನು ತಂದೆಯ ಕೊಲೆಯ ಮರ್ಮವನ್ನು ಹುಡುಕುತ್ತ ನ್ಯೂಯಾರ್ಕಿಗೆ ಬರುವನು. ಇವರೆಲ್ಲರ ಹಾದಿಗಳೂ ಆ ಮಹಾನಗರದಲ್ಲಿ ಆಗಲಿರುವ ಸ್ಫೋಟವೊಂದನ್ನು ತಪ್ಪಿಸುವ ಕಾರ್ಯದಲ್ಲಿ ಒಂದುಗೂಡುವುವು. ಆ ವರ್ಷದ ಕಥೆಯು ಅಪಾರವಾದ ಜನಪ್ರೀತಿಯನ್ನು ಪಡೆಯಿತು.

೨೦೦೭ರ ಸೆಪ್ಟೆಂಬರಿನಲ್ಲಿ ಎರಡನೆಯ ಭಾಗವು ತೊಡಗಿದಾಗ ಕಥೆಯು ಕಾಲೆಳೆಯಹತ್ತಿತು. ಜಪಾನಿನ ಗುಮಾಸ್ತನು ಹದಿನೇಳನೆಯ ಶತಮಾನಕ್ಕೆ ಹೋಗಿ ಕಂತುಗಟ್ಟಲೆ ಅಲ್ಲಿಯೇ ಉಳಿದನು. ಹೊಸ ಪಾತ್ರಗಳು ಬಂದುವು, ಹಳೆಯವರು ಮರೆಯಾದರು. ಅಷ್ಟರಲ್ಲಿ ನವೆಂಬರ್ ೫ರಂದು ಅಮೆರಿಕದ ಚಿತ್ರಕಥಾ ಲೇಖಕರ ಮುಷ್ಕರವು ಆರಂಭವಾಯಿತು. ಅದು ಮುಗಿದದ್ದು ೨೦೦೮ರ ಫೆಬ್ರವರಿ ೧೨ರಂದು. ಯೋಚಿಸಿದ್ದ ೨೪ ಕಂತುಗಳಲ್ಲಿ ೧೧ ಮಾತ್ರ ಪ್ರಸಾರವಾದುವು. ಆದರೆ ದೋಷವನ್ನೆಲ್ಲ ಮುಷ್ಕರದ ತಲೆಗೆ ಕಟ್ಟುವುದು ನ್ಯಾಯವಲ್ಲ. ಕಥೆಯು ನಿಧಾನವಾಯಿತೆಂದೂ ಹೊಸಬರ ಪರಿಚಯಕ್ಕೆ ಹೆಚ್ಚು ಹೊತ್ತು ಹೋಯಿತೆಂದೂ ಸ್ವತಃ ಕ್ರಿಂಗ್ ಮಹಾಶಯರು ಆ ನವೆಂಬರಿನಲ್ಲಿಯೇ ಪತ್ರಿಕೆಯೊಂದರ ಮುಂದೆ ಒಪ್ಪಿಕೊಂಡು ವಿಷಾದವನ್ನು ಸೂಚಿಸಿದರು. ಇದು ಸಜ್ಜನಿಕೆಯ ನಡೆ. ಎಲ್ಲ ಕರ್ತೃಗಳಿಗೂ ಇಷ್ಟು ಧೈರ್ಯವಿರುವುದಿಲ್ಲ.

ಹೀಗಿದ್ದೂ ಕಥೆಯು ಏಳಲಿಲ್ಲವೇಕೆ? ತಪ್ಪೊಪ್ಪಿಗೆಯು ಪತ್ರಿಕೆಯ ಪುಟದಲ್ಲಿ ಉಳಿಯಿತೇ ಹೊರತು ಕಥೆಯೊಳಕ್ಕೆ ಇಳಿಯಲಿಲ್ಲವೆಂಬುದೇ ನನಗೆ ತೋರುವ ಉತ್ತರ. ಇದಕ್ಕೊಂದು ದೃಷ್ಟಾಂತವನ್ನು ನೋಡಿರಿ. ಎರಡನೆಯ ಭಾಗದಲ್ಲಿ ಪೀಟರ್ ಎಂಬ ವೀರನು ಕೈಟ್ಲಿನ್ ಎಂಬ ಐರಿಷ್ ತರುಣಿಯನ್ನು ಭವಿಷ್ಯಕಾಲಕ್ಕೆ ಕರೆದೊಯ್ಯುತ್ತಾನೆ. ಅಲ್ಲಿ ಮಹಾಮಾರಿಯಿಂದ ಹಾಳಾದ ನ್ಯೂಯಾರ್ಕಿನಲ್ಲಿ ಆಕೆಯು ಅವನಿಂದ ಅಗಲಿಹೋಗುತ್ತಾಳೆ, ಅವನೊಬ್ಬನೇ ಹಿಂದಿರುಗುತ್ತಾನೆ. ಆ ಭವಿಷ್ಯವು ಬಾರದಂತೆ ತಡೆದದ್ದೂ ಆಯಿತು. ಆದರೆ ಆ ಹೆಣ್ಣುಮಗಳ ಗತಿ ಏನಾಯಿತೆಂಬುದನ್ನು ಮುಂದಿನ ಯಾವ ವರ್ಷದಲ್ಲಿಯೂ ಹೇಳಲಿಲ್ಲ. ನೋಡುವವರು ಕೇಳಿದರು; ಕಥೆಯು ಕೇಳಿಸಿಕೊಳ್ಳಲಿಲ್ಲ. ಅದರ ಬದಲಿಗೆ ೨೦೦೮ರಲ್ಲಿ ಮೂರನೆಯ ಭಾಗವು ಇನ್ನಷ್ಟು ಖಳರನ್ನೂ ಇನ್ನಷ್ಟು ಗೊಂದಲವನ್ನೂ ತಂದಿತು. ಸೈಲರ್ ಎಂಬ ಘೋರ ಕೊಲೆಗಾರನು ಒಮ್ಮೆ ಒಳ್ಳೆಯವನಾದನು, ಮರಳಿ ಕೆಟ್ಟವನಾದನು. ಅದೇ ವರ್ಷ ನವೆಂಬರಿನಲ್ಲಿ ಹಿರಿಯ ಬರಹಗಾರ-ನಿರ್ಮಾಪಕರಿಬ್ಬರನ್ನು ಬಿಡಿಸಿದರು. ಅಡಿಗೆಯವರು ಬದಲಾದರು, ಅಡಿಗೆ ಬದಲಾಗಲಿಲ್ಲ. ೨೦೧೦ರ ಫೆಬ್ರವರಿ ೮ರಂದು ಕೊನೆಯ ಕಂತು ಪ್ರಸಾರವಾಯಿತು. ಮೇ ತಿಂಗಳಿನಲ್ಲಿ ಸಂಸ್ಥೆಯು ಧಾರಾವಾಹಿಯನ್ನು ನಿಲ್ಲಿಸಿತು. ೨೦೧೫ರಲ್ಲಿ ‘ಹೀರೋಸ್ ರಿಬಾರ್ನ್’ ಎಂಬ ಹೆಸರಿನಿಂದ ೧೩ ಕಂತುಗಳ ಪುನರ್ಜನ್ಮವನ್ನು ಕೊಟ್ಟುನೋಡಿದರು. ಅದೂ ಒಂದೇ ವರ್ಷಕ್ಕೆ ಮುಗಿಯಿತು.

ಇನ್ನು ಎರಡನೆಯ ನಿದರ್ಶನ, ‘ಆರೋ’ ಎಂದರೆ ಬಾಣ. ಇದು ದಿ ಸಿ.ಡಬ್ಲ್ಯೂ. ಎಂಬ ವಾಹಿನಿಯಲ್ಲಿ ೨೦೧೨ರ ಅಕ್ಟೋಬರ್ ೧೦ರಂದು ಆರಂಭವಾಯಿತು. ಇದರ ನಾಯಕನು ೧೯೪೧ರಲ್ಲಿ ಚಿತ್ರಕಥಾ ಪುಸ್ತಕದಲ್ಲಿ ಮೊದಲು ಕಾಣಿಸಿಕೊಂಡ ಗ್ರೀನ್ ಆರೋ. ಪಾತ್ರಧಾರಿ ಸ್ಟೀಫನ್ ಅಮೆಲ್. ಆಲಿವರ್ ಕ್ವೀನ್ ಎಂಬ ಶ್ರೀಮಂತರ ಮನೆಯ ಪೋಲಿ ಹುಡುಗನು ಹಡಗು ಮುಳುಗಿ ಐದು ವರ್ಷ ಕಾಣೆಯಾಗಿ, ಬಿಲ್ವಿದ್ಯೆಯಲ್ಲಿ ನಿಪುಣನಾಗಿ ಊರಿಗೆ ಮರಳುತ್ತಾನೆ. ಸತ್ತ ತಂದೆಯ ಬಳಿ ದೊರೆತ ಪಟ್ಟಿಯೊಂದು ಅವನಲ್ಲಿದೆ. ನಗರವನ್ನು ಹಾಳುಮಾಡಿದವರ ಹೆಸರುಗಳು ಅದರಲ್ಲಿವೆ. ಇವನಿಗೆ ಅತಿಮಾನುಷ ಶಕ್ತಿ ಯಾವುದೂ ಇಲ್ಲ. ಮೊದಲನೆಯ ವರ್ಷ ಇವನು ಹಿಂದುಮುಂದು ನೋಡದೆ ಕೊಲ್ಲುತ್ತಾನೆ. ಪ್ರಾಣಮಿತ್ರನ ಮರಣದಿಂದ ಪರಿತಪ್ತನಾಗಿ ಎರಡನೆಯ ವರ್ಷ ಕೊಲ್ಲುವುದಿಲ್ಲವೆಂಬ ವ್ರತವನ್ನು ತೊಡುತ್ತಾನೆ. ಇತ್ತ ನಗರದ ಕಥೆಯು ನಡೆಯುತ್ತಿರಲು, ಅತ್ತ ಕಾಣೆಯಾಗಿದ್ದ ಆ ಐದು ವರ್ಷಗಳ ಪೂರ್ವಕಥೆಯೂ ವರ್ಷಕ್ಕೊಂದರಂತೆ ಬಿಚ್ಚಿಕೊಳ್ಳುತ್ತ ಹೋಗುತ್ತದೆ.

೨೦೧೫ರ ಅಕ್ಟೋಬರಿನಿಂದ ೨೦೧೬ರ ಮೇ ವರೆಗೆ ನಡೆದ ನಾಲ್ಕನೆಯ ಭಾಗವು ಹಳೆಯ ಅಭಿಮಾನಿಗಳನ್ನೂ ನಿರಾಶೆಗೊಳಿಸಿತು. ಬಿಲ್ಲುಗಾರನ ಎದುರಿಗೆ ಮಂತ್ರವಾದಿಯಾದ ಡೇಮಿಯನ್ ಡಾರ್ಕನನ್ನು ನಿಲ್ಲಿಸಿದರು. ಬಾಣಕ್ಕೂ ಮಾಟಕ್ಕೂ ಸರಿಜೋಡಿಯೆಲ್ಲಿ? ಮೊದಲ ಕಂತಿನಲ್ಲಿಯೇ ಸಮಾಧಿಯೊಂದನ್ನು ತೋರಿಸಿ, ಅದು ಯಾರದೆಂಬ ಒಗಟನ್ನು ತಿಂಗಳುಗಟ್ಟಲೆ ಎಳೆದರು. ಕಡೆಗೆ ೨೦೧೬ರ ಏಪ್ರಿಲಿನಲ್ಲಿ ಲಾರೆಲ್ ಎಂಬ ಮುಖ್ಯ ನಾಯಿಕೆಯು ಸತ್ತಾಗ, ಆ ಮರಣವು ಕರುಣರಸವನ್ನು ಹುಟ್ಟಿಸುವುದಕ್ಕೆ ಬದಲಾಗಿ ಒಗಟಿನ ಉತ್ತರದಂತೆ ತೋರಿತು. ಎಲ್ಲಕ್ಕಿಂತ ಮಿಗಿಲಾದ ಅನೌಚಿತ್ಯವು ಇನ್ನೊಂದು. ಖಳನು ಬಿಟ್ಟ ಅಣ್ವಸ್ತ್ರವನ್ನು ನಾಯಕನ ಸಂಗಾತಿಯಾದ ಫೆಲಿಸಿಟಿಯು ದೊಡ್ಡ ನಗರದಿಂದ ತಪ್ಪಿಸಿದಾಗ ಅದು ಹ್ಯಾವನ್‌ರಾಕ್ ಎಂಬ ಚಿಕ್ಕ ಪಟ್ಟಣದ ಮೇಲೆ ಬಿದ್ದು ಸಹಸ್ರಾರು ಜನರು ನಾಶವಾದರು. ಕಥೆಯಾದರೋ ಒಂದು ನಿಟ್ಟುಸಿರನ್ನು ಬಿಟ್ಟು ಮುಂದಕ್ಕೆ ಹೋಯಿತು! ಅನೌಚಿತ್ಯವೇ ರಸಭಂಗಕ್ಕೆ ಮುಖ್ಯ ಕಾರಣವೆಂದು ಆನಂದವರ್ಧನಾಚಾರ್ಯರು ಸಾವಿರದ ನೂರು ವರ್ಷಗಳಷ್ಟು ಹಿಂದೆಯೇ ನಿರ್ಣಯಿಸಿರುವರು. ಒಂದೂರು ಸುಟ್ಟುಹೋದರೂ ಯಾರೂ ಅಳದಿರುವ ಕಥೆಯಲ್ಲಿ ನಾವು ಯಾರಿಗಾಗಿ ಅಳಬೇಕು?

ಇಂತಹ ಸ್ಥಿತಿಯಿಂದ ಐದನೆಯ ಭಾಗವು, ಅಂದರೆ ೨೦೧೬-೧೭ರದು, ಮೇಲಕ್ಕೆದ್ದಿತು. ಕಥೆಯನ್ನು ನಡೆಸುತ್ತಿದ್ದ ಮುಖ್ಯರಾದ ಮಾರ್ಕ್ ಗುಗೆನ್‌ಹೈಮ್ ಮತ್ತು ವೆಂಡಿ ಮೆರಿಕಲ್ ಅವರೇ ಮುಂದುವರಿದರೆಂಬುದು ಗಮನಾರ್ಹ. ಕೈಗಳು ಅವೇ; ಕೆಲಸವು ಬೇರೆಯಾಯಿತು. ಹ್ಯಾವನ್‌ರಾಕಿನಲ್ಲಿ ಉಳಿದ ಒಬ್ಬನೇ ಒಬ್ಬ ಮನುಷ್ಯ, ರೋರಿ ರೀಗನ್ ಎಂಬವನು, ನಾಯಕನ ಪಂಗಡಕ್ಕೆ ಬಂದು ಸೇರುತ್ತಾನೆ. ತನ್ನವರೆಲ್ಲರ ಮರಣಕ್ಕೆ ತಾನು ನಿಮಿತ್ತಳಾದೆನೆಂದು ಫೆಲಿಸಿಟಿಯು ಅವನೆದುರಿಗೆ ಬಾಯಿಬಿಟ್ಟು ಹೇಳಬೇಕಾಗುತ್ತದೆ. ಹಿಂದಿನ ವರ್ಷವು ಮರೆತ ಆ ಊರು ಒಬ್ಬ ಮನುಷ್ಯನ ರೂಪದಲ್ಲಿ ಬಾಗಿಲಿಗೆ ಬಂದು ನಿಂತಂತಾಯಿತು.

ಈ ವರ್ಷದ ಖಳನೂ ಹಳೆಯ ಸಾಲದ ವಸೂಲಿಗೆ ಬಂದವನೇ. ಪ್ರೊಮೀಥಿಯಸ್ ಎಂಬ ಮುಸುಕಿನ ಹೆಸರಿನವನು ನಗರದ ಸರಕಾರೀ ಅಭಿಯೋಜಕನಾದ ಏಡ್ರಿಯನ್ ಚೇಸ್. ಆಗ ಮೇಯರ್ ಪದವಿಯಲ್ಲಿರುವ ಆಲಿವರನಿಗೆ ಸ್ನೇಹಿತನೆಂದು ತೋರುವವನು. ಅವನ ತಂದೆಯನ್ನು ಆಲಿವರನು ತನ್ನ ಕೊಲೆಗಾರಿಕೆಯ ಮೊದಲ ವರ್ಷದಲ್ಲಿ ಬಾಣದಿಂದ ಕೊಂದಿದ್ದನು. ಅವನು ಬಯಸುವುದು ನಾಯಕನ ಪ್ರಾಣವನ್ನಲ್ಲ. ನೀನು ನಿಜವಾಗಿ ಯಾರು ಎಂಬ ಪ್ರಶ್ನೆಗೆ ಉತ್ತರವನ್ನು. ಸೆರೆಯಲ್ಲಿಟ್ಟು ಹಿಂಸಿಸಿ, ಕೊಲ್ಲುವುದರಲ್ಲಿ ತನಗೆ ಇಷ್ಟವಿತ್ತೆಂಬ ಮಾತನ್ನು ಆಲಿವರನ ಬಾಯಿಂದಲೇ ಹೊರಡಿಸುತ್ತಾನೆ. ನಾಲ್ಕು ವರ್ಷಗಳ ವೀರಗಾಥೆಯನ್ನು ಆ ಒಂದು ಮಾತು ಅಲುಗಿಸಿಬಿಡುತ್ತದೆ. ೨೦೧೭ರ ಮೇ ೨೪ರಂದು ಪ್ರಸಾರವಾದ ಕೊನೆಯ ಕಂತಿನಲ್ಲಿ ಇಬ್ಬರೂ ಆ ಮೂಲದ್ವೀಪದಲ್ಲಿಯೇ ಎದುರಾಗುವರು. ಐದು ವರ್ಷಗಳ ಪೂರ್ವಕಥೆಯೂ ಅಲ್ಲಿಯೇ ಮುಗಿದು, ಪ್ರಪ್ರಥಮ ಕಂತಿನ ಆರಂಭಕ್ಕೆ ಬಂದು ಕೂಡಿಕೊಳ್ಳುವುದು.

ನಾಟ್ಯಶಾಸ್ತ್ರವನ್ನು ಬಲ್ಲವರಿಗೆ ಇದರ ಮರ್ಮವು ಹೊಸತಲ್ಲ. ಇತಿವೃತ್ತಕ್ಕೆ ಐದು ಸಂಧಿಗಳನ್ನು ಭರತಮುನಿಯು ಹೇಳಿರುವನು: ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ. ಮುಖಸಂಧಿಯಲ್ಲಿ ಬಿತ್ತಿದ ಬೀಜವು ನಡುವೆ ಕಂಡೂ ಕಾಣದಂತಿದ್ದು ನಿರ್ವಹಣದಲ್ಲಿ ಫಲವಾಗಬೇಕು. ‘ಆರೋ’ವಿನ ಬೀಜವು ಮೊದಲನೆಯ ವರ್ಷದ ಕೊಲೆಗಳು, ನಾಲ್ಕನೆಯ ವರ್ಷದಲ್ಲಿ ಅದು ಮರೆಯಾದರೂ ಸತ್ತಿರಲಿಲ್ಲ. ‘ಹೀರೋಸ್’ನ ಬೀಜವಾದ ಸ್ಫೋಟದ ಭಯವು ಮೊದಲನೆಯ ವರ್ಷಾಂತ್ಯಕ್ಕೇ ಫಲಿಸಿ ಮುಗಿದಿತ್ತು. ಪ್ರತಿ ವರ್ಷ ಹೊಸ ಪಾತ್ರಗಳಿಂದ ಹೊಸ ಕಥೆಯನ್ನು ಹೇಳಬೇಕೆಂಬ ಯೋಚನೆಯು ಕ್ರಿಂಗ್ ಅವರಿಗೆ ಮೊದಲು ಇದ್ದಿತು. ಹಾಗೆ ಮಾಡಿದ್ದರೆ ಹೊಸ ಬೀಜವೊಂದು ಬೀಳುತ್ತಿತ್ತೋ ಏನೋ. ಜನರು ಮೆಚ್ಚಿದ ಪಾತ್ರಗಳನ್ನು ಬಿಡಲಾರದೆ, ಕೊಯ್ಲಾದ ಹೊಲದಲ್ಲಿಯೇ ತೆನೆಯನ್ನು ಹುಡುಕಿದಂತಾಯಿತು.

ಆದರೂ ಸುಧಾರಣೆಯೆಂದರೆ ಎಲ್ಲವೂ ಮೊದಲಿನಂತಾಗುವುದೆಂದು ಎಣಿಸಬಾರದು. ಐದನೆಯ ಭಾಗವನ್ನು ವಿಮರ್ಶಕರು ಹೊಗಳಿದರೂ ನೋಡುವವರ ಸಂಖ್ಯೆಯು ಆರಂಭದ ವರ್ಷಗಳ ಮಟ್ಟಕ್ಕೆ ಏರಲಿಲ್ಲ. ಬಿಟ್ಟುಹೋದವರಲ್ಲಿ ಬಹುಮಂದಿಯು ಮರಳಲಿಲ್ಲ. ಆರನೆಯ ವರ್ಷದಲ್ಲಿ ಕಥೆಯು ಮತ್ತೆ ಸೊರಗಿತೆಂದು ಹೇಳುವವರೂ ಉಂಟು. ಎಂಟನೆಯ ಭಾಗವನ್ನು ಹತ್ತೇ ಕಂತುಗಳಿಗೆ ಮೊಟಕುಮಾಡಿ, ಒಟ್ಟು ೧೭೦ ಕಂತುಗಳಾಗಿ, ೨೦೨೦ರ ಜನವರಿ ೨೮ರಂದು ಮಂಗಳ ಹಾಡಿದರು. ಕಳೆದುಕೊಂಡ ನಂಬಿಕೆಯನ್ನು ಮತ್ತೆ ಗಳಿಸಬಹುದು. ಆದರೆ ಬಾಗಿಲು ಮುಚ್ಚಿಕೊಂಡು ಹೋದವರ ಮನೆಗೆ ಆ ಸುದ್ದಿಯು ತಲಪುವುದು ಕಷ್ಟ. ಕೆಟ್ಟ ವರ್ಷಕ್ಕೆ ಇದೂ ಒಂದು ದಂಡ.

ಉಪಾಧ್ಯಾಯನಾಗಿ ಬಹುಕಾಲ ಕಳೆದ ನನಗೆ ಇದು ಪರೀಕ್ಷೆಯಲ್ಲಿ ತೇರ್ಗಡೆಯಾಗದ ಹುಡುಗರನ್ನು ನೆನಪಿಗೆ ತರುತ್ತದೆ. ಒಬ್ಬನು ಮುಂದಿನ ವರ್ಷ ಹೊಸ ಪುಸ್ತಕ, ಹೊಸ ಲೇಖನಿಗಳೊಡನೆ ಬಂದು, ಇನ್ನು ಮೇಲೆ ಚೆನ್ನಾಗಿ ಓದುವೆನೆಂದು ಮಾತು ಕೊಡುವನು. ಇನ್ನೊಬ್ಬನು ಮಾತಾಡದೆ ಹಳೆಯ ಉತ್ತರಪತ್ರಿಕೆಯನ್ನೇ ತೆರೆದು, ತಪ್ಪಿದ ಲೆಕ್ಕವನ್ನು ಮತ್ತೆ ಮೊದಲಿನಿಂದ ಮಾಡುವನು. ಇವರಲ್ಲಿ ಯಾರು ಮುಂದೆ ಬರುವರೆಂಬುದನ್ನು ತಂದೆತಾಯಿಗಳಿಗೆ ನಾನು ಹೇಳಬೇಕಾಗಿಲ್ಲ.

ಆದಕಾರಣ ಗೃಹಸ್ಥರಾದ ವಾಚಕರಿಗೆ ನನ್ನ ಸೂಚನೆಯಿಷ್ಟೆ. ನೀವು ಮೆಚ್ಚಿದ್ದ ಕಥೆಯೊಂದು ಕೆಟ್ಟಿದ್ದರೆ ಅದರ ಮುಂದಿನ ವರ್ಷದ ಮೂರು ನಾಲ್ಕು ಕಂತುಗಳನ್ನು ನೋಡಿರಿ. ಹೊಸ ಖಳನು ಎಷ್ಟು ಬಲಿಷ್ಠನೆಂಬುದನ್ನು ನೋಡಬೇಡಿರಿ. ಹೋದ ವರ್ಷ ಸತ್ತವರನ್ನು ಯಾರಾದರೂ ನೆನೆಯುವರೆ, ಬಿಟ್ಟುಹೋದವರನ್ನು ಯಾರಾದರೂ ಹುಡುಕುವರೆ ಎಂದು ನೋಡಿರಿ. ಹುಡುಕುತ್ತಿದ್ದರೆ ಕುಳಿತುಕೊಳ್ಳಿರಿ, ಇಲ್ಲವಾದರೆ ಎದ್ದು ಬೇರೆ ಕೆಲಸ ನೋಡಿರಿ. ಏಕೆಂದರೆ ನಮ್ಮ ಪಕ್ಕದಲ್ಲಿ ಮಕ್ಕಳೂ ಕುಳಿತಿರುತ್ತಾರೆ. ವೀರನೆಂಬವನು ಮಾಡಿದ್ದಕ್ಕೆ ಲೆಕ್ಕ ಕೊಡಬೇಕಾದವನೋ, ಊರು ಸುಟ್ಟರೂ ಹಿಂದಿರುಗಿ ನೋಡದೆ ನಡೆಯಬಹುದಾದವನೋ ಎಂಬುದನ್ನು ಅವರು ನಮ್ಮ ಉಪದೇಶದಿಂದ ಕಲಿಯುವುದಕ್ಕಿಂತ ಹೆಚ್ಚಾಗಿ ಆ ಕಥೆಗಳಿಂದಲೇ ಕಲಿಯುತ್ತಾರೆ. “ಆ ಹುಡುಗಿ ಏನಾದಳು?” ಎಂದು ಮಗುವು ಕೇಳಿದರೆ, ಸುಮ್ಮನಿರೆಂದು ಗದರಿಸಬೇಡಿರಿ, ಕಥೆ ಬರೆದವರು ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆಯೂ ಅದೇ.