ಒಗರಿಗೆ ಇಂಗ್ಲಿಷ್ ಯಾಕೆ?

ಐವತ್ತೆಂಟು ತುಂಬಿದ ಮೇಲೆ ವೈನ್ ಕಲಿಯಲು ಹೊರಟೆ ಎಂದರೆ ಮನೆಯವಳೇ ನಕ್ಕಳು. ದೊಡ್ಡಬಳ್ಳಾಪುರದ ಕಡೆ ದ್ರಾಕ್ಷಿ ಚಪ್ಪರದ ಕೆಳಗೆ ಆಡಿ ಬೆಳೆದವನು ನಾನು. ಆದರೂ ವೈನ್ ಅಂದರೆ ಕ್ರಿಸ್‌ಮಸ್‌ಗೆ ಪಕ್ಕದ ಮನೆಯವರು ಕೊಡುತ್ತಿದ್ದ ಸಿಹಿ ನೀರು ಅಂತಷ್ಟೇ ಗೊತ್ತಿದ್ದದ್ದು. ಬ್ಯಾಂಕ್ ಕೆಲಸ ಮುಗಿದ ಮೇಲೆ ಮಗಳು ನಂದಿ ಬೆಟ್ಟದ ಬುಡದ ಒಂದು ವೈನರಿಗೆ ಕರೆದುಕೊಂಡು ಹೋದಳು.

ಐದು ಗ್ಲಾಸು, ಒಂದೊಂದರಲ್ಲಿ ಎರಡೆರಡು ಗುಟುಕು. ವಿವರಿಸುತ್ತಿದ್ದ ಹುಡುಗ ಬ್ಲ್ಯಾಕ್‌ಬೆರಿ, ಬ್ಲ್ಯಾಕ್‌ಕರಂಟ್, ಸೀಡರ್ ಎಂದು ಮಗ್ಗಿಯಂತೆ ಒಪ್ಪಿಸಿದ. ಬ್ಲ್ಯಾಕ್‌ಕರಂಟ್ ಅಂದರೆ ನನಗೆ ಐಸ್‌ಕ್ರೀಮ್. "ಆ ಹಣ್ಣು ನೀನು ತಿಂದಿದ್ದೀಯೇನಪ್ಪಾ?" ಅಂದೆ. "ಇಲ್ಲ ಸಾರ್" ಅಂತ ಅವನೂ ನಕ್ಕ. ಊರು ಚಿಂತಾಮಣಿಯಂತೆ.

ಆಮೇಲೆ ಕ್ಯಾಬರ್ನೆ ಸೋವಿನ್ಯೋಂ ಬಂತು. ನುಂಗಿದ ಮೇಲೆ ನಾಲಿಗೆ ಹಿಡಿದುಕೊಂಡಿತು, ಒಸಡು ಬಿಗಿಯಿತು. "ಟ್ಯಾನಿನ್ ಸಾರ್, ಬಾಯಿ ಡ್ರೈ ಆಗುತ್ತೆ" ಅಂದ. ಅಯ್ಯೋ, ಇದು ಒಗರು! ಅರ್ಧ ಹಣ್ಣಾದ ನೇರಳೆ, ಹಸಿ ಬಾಳೆಕಾಯಿ, ಅಡಿಕೆ ಹೋಳು. ಕೆಂಪು ವೈನಿಗೆ ರಸವನ್ನು ಸಿಪ್ಪೆ, ಬೀಜದ ಸಮೇತ ಹುದುಗಿಸುತ್ತಾರೆ. ಬಣ್ಣ ಸಿಪ್ಪೆಯಿಂದ, ಒಗರು ಎರಡರಿಂದಲೂ. ಬಿಳಿ ವೈನಿಗೆ ಮೊದಲೇ ಹಿಂಡಿ ಸಿಪ್ಪೆ ತೆಗೆದುಬಿಡುತ್ತಾರೆ. ಇಷ್ಟನ್ನು ಒಗರಿನಿಂದ ಶುರು ಮಾಡಿ ಹೇಳಿದ್ದರೆ ನನಗೆ ಎರಡು ನಿಮಿಷ ಸಾಕಿತ್ತು.

ನಮ್ಮ ಬೆಂಗಳೂರು ಬ್ಲೂ ಇಲ್ಲಿ ಯಾಕಿಲ್ಲ ಎಂದು ಕೇಳಿದೆ. "ಅದಕ್ಕೆ ಫಾಕ್ಸಿ ವಾಸನೆ ಸಾರ್." ನರಿ ವಾಸನೆಯಂತೆ! ಅಪ್ಪ ಬೆಳೆಯುತ್ತಿದ್ದ ಹಣ್ಣು ಅದು. ಎರಡು ಬೆರಳಲ್ಲಿ ಒತ್ತಿದರೆ ತಿರುಳು ಪುಳಕ್ಕನೆ ಬಾಯಿಗೆ ಹಾರುತ್ತಿತ್ತು, ದಪ್ಪ ಸಿಪ್ಪೆ ಕೈಯಲ್ಲೇ ಉಳಿಯುತ್ತಿತ್ತು, ಸಂಜೆವರೆಗೂ ಬೆರಳು ಘಮ್ಮೆನ್ನುತ್ತಿತ್ತು. ಅಮೆರಿಕದ ಕಾಡುದ್ರಾಕ್ಷಿಯ ರಕ್ತ ಅದರಲ್ಲಿದೆ, ಹೊರಗಿನವರು ಇಸಬೆಲ್ಲಾ ಎನ್ನುವ ತಳಿಯೇ ಇದು ಎಂದು ಆಮೇಲೆ ಓದಿ ತಿಳಿದೆ. ಫ್ರಾನ್ಸ್ 1934ರಲ್ಲಿ ಕಾನೂನು ತಂದು ಇಸಬೆಲ್ಲಾ ವೈನಿನ ಮಾರಾಟವನ್ನೇ ನಿಲ್ಲಿಸಿತು. ಸುಳ್ಳು ಹೇಳುವುದಿಲ್ಲ, ಕ್ಯಾಬರ್ನೆಯ ಪಕ್ಕ ನಮ್ಮದರ ವೈನ್ ಪೇಲವವೇ. ಆದರೂ ನರಿಯನ್ನು ಮೂಸಿ ನೋಡಿದವರು ಯಾರು?

ಇನ್ನೊಂದು ಕಡೆ, ಏಪ್ರಿಲ್ ಸೆಕೆಯಲ್ಲಿ, ಒಂದು ಹೋಟೆಲಿನವರು ಕೆಂಪು ವೈನನ್ನು ಬೆಚ್ಚಗೆ ತಂದಿಟ್ಟರು, ಕಷಾಯದ ಹಾಗೆ. ಕೇಳಿದರೆ "ರೂಮ್ ಟೆಂಪರೇಚರ್ ಸಾರ್." ಯಾರ ರೂಮು? ಆ ಮಾತು ಹುಟ್ಟಿದ್ದು ಯುರೋಪಿನ ತಣ್ಣನೆ ಮನೆಗಳಲ್ಲಿ. 16–18 ಡಿಗ್ರಿ ಇರಬೇಕಾದದ್ದು. ಈಗ ನಾನು ಬಾಟಲಿಯನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟೇ ತೆಗೆಯುತ್ತೇನೆ.

ಕುಡಿಯದವರು ಕುಡಿಯಲಿ ಎಂದು ಇದನ್ನು ಬರೆಯುತ್ತಿಲ್ಲ. 2007ರಲ್ಲೇ ಸರ್ಕಾರ ವೈನ್ ನೀತಿ ತಂದಿತು. ನಂದಿ, ಕೃಷ್ಣಾ, ಕಾವೇರಿ ಕಣಿವೆ ಎಂದೆಲ್ಲ ಹೆಸರಿಟ್ಟು ಕೊಂಡಾಡುತ್ತೇವೆ. ಚಪ್ಪರ ಕಟ್ಟುವವರು, ಗೊಂಚಲು ಕತ್ತರಿಸುವವರು ಕನ್ನಡದಲ್ಲೇ ಮಾತಾಡುತ್ತಾರೆ. ಬಾಟಲಿಯೊಳಗೆ ಹೋದ ಮೇಲೆ ಅದೇ ದ್ರಾಕ್ಷಿ ಇಂಗ್ಲಿಷಿಗೆ ತಿರುಗುತ್ತದೆ. ನಾನು ಕೊಂಡ ಬಾಟಲಿಗಳ ಹಿಂದಿನ ಚೀಟಿಯಲ್ಲಿ ರುಚಿಯ ಬಗ್ಗೆ ಒಂದು ಸಾಲು ಕನ್ನಡವೂ ಕಾಣಲಿಲ್ಲ. ಹುಳಿ, ಒಗರು, ಘಾಟು, ಕಮಟು: ಇಷ್ಟು ಪದ ಇಟ್ಟುಕೊಂಡ ಭಾಷೆಗೆ ಎರಡು ಸಾಲು ಬರೆಯುವುದು ಕಷ್ಟವೇ?

ಅಲ್ಲಿಯವರೆಗೆ ನನ್ನದೇ ಒಂದು ನೋಟ್‌ಬುಕ್ ಇದೆ, ಹಳೇ ಬ್ಯಾಂಕ್ ಡೈರಿ. ಕಳೆದ ಭಾನುವಾರದ ಪುಟ: "ಶಿರಾಜ್. ನೇರಳೆ. ಆಗ ತಾನೇ ಕುಟ್ಟಿದ ಕರಿಮೆಣಸು. ಒಗರು ಹದ." ಕೆಳಗೆ ಮನೆಯವಳ ಕೈಬರಹ: "ಹುರುಳಿಕಾಳು ಸಾರಿನ ಜೊತೆ ಬೇಡ."